ಜಾಂಗೋ ಡೀಬಗ್ ಟೂಲ್‌ಬಾರ್: ಖಾಲಿ ಪುಟದ ಮೂಲ ಹಿಡಿಯಲು

ಟೇಬಲ್‌ನಲ್ಲಿ ರೆಕಾರ್ಡ್ ಇದೆ, ಪುಟದಲ್ಲಿ ಮಾತ್ರ ಏನೂ ಇಲ್ಲ ಎಂದಾಗ ಮೊದಲು ತೆರೆಯಬೇಕಾದ್ದು ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಪುಟದ ಒಳಗುಟ್ಟು ತೋರಿಸುವ ಈ ಟೂಲ್‌ಬಾರ್‌ನ ಎಸ್‌ಕ್ಯೂಎಲ್ ಪ್ಯಾನೆಲ್. ಡೇಟಾಬೇಸ್‌ಗೆ ಹೋದ ಪ್ರಶ್ನೆ, ಅಂದರೆ ಕ್ವೆರಿ, ಅದರ ಪ್ಯಾರಾಮೀಟರ್‌ಗಳ ಸಮೇತ ಕಾಣುತ್ತದೆ; 'ಸೆಲ್' (Sel) ಬಟನ್ ಒತ್ತಿದರೆ ಅಲ್ಲೇ ಮತ್ತೆ ರನ್ ಆಗುತ್ತದೆ. ಹೆಸರಿನ ಕೊನೆಗೆ ಅಂಟಿಕೊಂಡ ಸ್ಪೇಸ್ ಕೂಡ ಕೋಟ್ ಗುರುತಿನೊಳಗೆ ಸಿಕ್ಕಿಬೀಳುತ್ತದೆ. ಕ್ವೆರಿಯೇ ಕಾಣುತ್ತಿಲ್ಲವೇ? ಪಟ್ಟಿಯಲ್ಲಿರುವ ಮೌಲ್ಯಗಳನ್ನಷ್ಟೇ ಆರಿಸುವ 'ಇನ್' ಫಿಲ್ಟರ್‌ಗೆ ಖಾಲಿ ಲಿಸ್ಟ್ ಹೋಗಿರಬಹುದು. ಆಗ ಜಾಂಗೋ ಡೇಟಾಬೇಸ್‌ನ ಬಾಗಿಲನ್ನೇ ತಟ್ಟುವುದಿಲ್ಲ. ಕೈಯಾರೆ ಬರೆದ 'ನಾಟ್ ಇನ್' ಸಬ್‌ಕ್ವೆರಿಯಲ್ಲಿ (ಕ್ವೆರಿಯೊಳಗಿನ ಕ್ವೆರಿ) ಒಂದೇ ಒಂದು ನಲ್, ಅಂದರೆ ಮೌಲ್ಯವಿಲ್ಲದ ಜಾಗ, ಬಂದರೂ ಫಲಿತಾಂಶ ಸೊನ್ನೆ, ಏಕೆಂದರೆ ನಲ್ ಜೊತೆಗಿನ ಹೋಲಿಕೆ ಸರಿಯೂ ಅಲ್ಲ, ತಪ್ಪೂ ಅಲ್ಲ. ಅಲ್ಲಿ 'ನಾಟ್ ಎಕ್ಸಿಸ್ಟ್ಸ್' ಹಾಕಿ. ಟೂಲ್‌ಬಾರ್ ಇದನ್ನು ಹೇಳಿಕೊಡುವುದಿಲ್ಲ, ಕ್ವೆರಿ ತೋರಿಸಿ ಸುಮ್ಮನಾಗುತ್ತದೆ.

ಕಿರಿಕಿರಿಯೂ ಇದೆ. ಸೆಟ್ಟಿಂಗ್ಸ್‌ನ ಇಂಟರ್ನಲ್ ಐಪಿ ಪಟ್ಟಿಗೆ 127.0.0.1 (ನಿಮ್ಮದೇ ಕಂಪ್ಯೂಟರ್‌ನ ವಿಳಾಸ) ಸೇರಿಸದಿದ್ದರೆ ಟೂಲ್‌ಬಾರೇ ಕಾಣದು. ಆ್ಯಪ್ ಅನ್ನು ಕಂಟೇನರ್‌ನೊಳಗೆ ಓಡಿಸುವ ಡಾಕರ್‌ನಲ್ಲಿ ಈ ವಿಳಾಸವೇ ಬೇರೆ. ಪುಟದ ಬದಲು ಬರೀ ಡೇಟಾ ಕಳಿಸುವ ಜೇಸನ್ (JSON) ಉತ್ತರಗಳಿಗೆ ಹಿಸ್ಟರಿ ಪ್ಯಾನೆಲ್‌ಗೆ ಹೋಗಬೇಕು.