ಹಳೆ ಬಾಕಿಗೆ ಹೊಸ ಮಾಲು ಹಿಡೀತಾರ, ಬಿಲ್ಟಿ ಹಿಂದ ಓದ್ರಿ

ಕಲಬುರಗಿ ಗಂಜ್ ಮಾರ್ಕೆಟ್‌ನ ಅಡತಿಯವರು (ಕಮಿಷನ್ ದಲ್ಲಾಳಿಗಳು), ಕಪನೂರಿನ ದಾಲ್ ಮಿಲ್‌ನವರು ಪೂರ್ತಿ ಓದ್ರಿ. ಬಾಡಿಗೆ ಪೂರಾ ಕೊಟ್ಟ ನಮ್ಮ ಮಾಲು ಟ್ರಾನ್ಸ್‌ಪೋರ್ಟ್‌ನವರು ಹಿಡಿದಿಟ್ಟಾರ. ಪೂರಾ ಕೊಟ್ಟದ್ದು!

ತೊಗರಿ ಬೇಳೆ, 50 ಕೆಜಿಯ 200 ಚೀಲ, ಕಲಬುರಗಿಯಿಂದ ಚೆನ್ನೈಗೆ. ಬಿಲ್ಟಿ (ಟ್ರಾನ್ಸ್‌ಪೋರ್ಟ್‌ನವರು ಕೊಡೋ ಮಾಲಿನ ರಸೀದಿ) ಮ್ಯಾಲ 'ಪೇಯ್ಡ್' ಸಿಕ್ಕಾ ಅದ. ಮಾಲು ಅವರ ಗೋದಾಮಿಗೆ ಮುಟ್ಟಿತು. ಅಲ್ಲಿನ ಪಾರ್ಟಿ (ಮಾಲು ತಗೊಳ್ಳೋರು) ಗಾಡಿ, ಹಮಾಲರನ್ನ ಕರ್ಕೊಂಡು ಹೋದ್ರ ಬಿಡಲ್ಲ ಅಂದ್ರು. ಇಲ್ಲಿನ ಆಫೀಸಿಗೆ ಫೋನ್ ಹಚ್ಚಿದ್ರ, "ಸಾವಕಾರ್ರ, ಹೋದ ಸಲದ ಲಾರಿ ಹಾಲ್ಟಿಂಗ್ 42,000 ಬಾಕಿ ಅದ. ಚುಕ್ತಾ ಮಾಡ್ರಿ, ಬಿಡ್ತೀವಿ." ಆ ಹಾಲ್ಟಿಂಗ್ (ಲಾರಿ ಕಾಯ್ದು ನಿಂತದ್ದಕ್ಕ ಹಚ್ಚೋ ರೊಕ್ಕ) ನಾವು ಒಪ್ಪಿದ್ದೇ ಇಲ್ಲ. "ಬಿಲ್ಟಿ ಹಿಂದ ಬರ್ದದ, ನೋಡ್ರಿ." ಹೌದು, ಬರ್ದದ. ಯಾವ ಬಾಕಿಗಾದ್ರೂ ಯಾವ ಮಾಲಾದ್ರೂ ಹಿಡೀಬಹುದು ಅಂತ, ಸಾಸಿವಿ ಕಾಳಿನಷ್ಟು ಅಕ್ಷರದಾಗ. ಬಿಲ್ಟಿ ಕೈಗೆ ಬಂದದ್ದು ಲಾರಿ ಹೊಂಟ ಮ್ಯಾಲ.

ಆ ಮಾಲಿನ ಬಾಡಿಗೆ ಬಾಕಿ ಇದ್ರ ತಡೆಯೋದು ಬ್ಯಾರೆ ಮಾತು. ಹಳೆ ಲೆಕ್ಕಕ್ಕ ತಡೆಯೋ ಹಕ್ಕು 1872ರ ಕರಾರು ಕಾಯ್ದೆ 171ನೇ ಕಲಂ ಕೊಟ್ಟದ್ದು ಬ್ಯಾಂಕು, ಬಂದರಕಟ್ಟೆಯವರು, ಹಿಂಗ ಕೆಲವರಿಗೆ ಅಷ್ಟ. ಟ್ರಾನ್ಸ್‌ಪೋರ್ಟ್‌ನವರು ಅದರಾಗಿಲ್ಲ. ಅವರಿಗೆ ಸ್ಪಷ್ಟ ಕರಾರು ಬೇಕು. ಅದಕ್ಕ ಆ ಸಣ್ಣ ಅಕ್ಷರ!

ತಿಂಗಳ ಮ್ಯಾಲ ಮತ್ತ ಫೋನ್: "ಮೂವತ್ತು ದಿನ ಆಯ್ತು, ಕೇಳೋರಿಲ್ಲದ ಮಾಲು, ಹರಾಜ್ ಹಾಕ್ತೀವಿ. ಡ್ಯಾಮರೇಜ್ (ಗೋದಾಮಿನಾಗ ಇಟ್ಟದ್ದಕ್ಕ ಬಾಡಿಗೆ) ದಿನಕ್ಕ 600." ಕೇಳೋರಿಲ್ಲದ ಮಾಲಂತ! ಬಾಗಿಲಿಗೆ ಗಾಡಿ ತಂದು ನಿಲ್ಸಿದವರನ್ನ ಹೊಳ್ಳಿ ಕಳಿಸಿದವರು ಅವರ. 2007ರ ರಸ್ತೆ ಸಾಗಣೆ ಕಾಯ್ದೆ 15ನೇ ಕಲಂ ಪ್ರಕಾರ 30 ದಿನ ಎಣಿಸೋದು ಅವರು ನೋಟಿಸ್ ಕೊಟ್ಟಲ್ಲಿಂದ, ಅದೂ ಪಾರ್ಟಿ ಬಂದು ತಗೊಳ್ಳದಿದ್ರ. ಆಮ್ಯಾಲ ಮಾರಾಟಕ್ಕ ಇನ್ನೊಂದು 15 ದಿನದ ನೋಟಿಸ್ ಬೇಕು. ಮಾರಿದ್ರೂ ತಮ್ಮ ಖರ್ಚು ಮುರ್ಕೊಂಡು ಉಳಿದ ರೊಕ್ಕ ವಾಪಸ್ ಕೊಡಬೇಕು. ಇಲ್ಲಿ ಒಂದು ಚೀಟಿ ಸುದ್ದಾ ಬಂದಿಲ್ಲ.

ಲೋಡಿಂಗ್‌ಗಿಂತ ಮೊದಲ ಬಿಲ್ಟಿ ತರಿಸ್ರಿ, ಆ ಸಾಲು ಹೊಡೆದು ಹಾಕಿ ಅವರ ಸಹಿ ತಗೊಳ್ರಿ. ಮಾಲಿನ ಕಿಮ್ಮತ್ತು ಬರೆಸಿ, ಹೆಚ್ಚಿನ ಜೋಖಮಿನ ದರ (ಹೈಯರ್ ರಿಸ್ಕ್ ರೇಟ್) ಕೊಡ್ತೀವಂತ ಲಿಖಿತದಾಗ ಒಪ್ಪ್ರಿ. ಹಂಗ ಒಪ್ಪದಿದ್ರ ಮಾಲು ಹಾಳಾದ್ರ ಅವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ತದ. ಬಾಡಿಗೆ 30,000 ಇದ್ರ ಮೂರು ಲಕ್ಷ, ಅಷ್ಟ. ಬೇಳೆ ನೂರು ಕ್ವಿಂಟಲ್! ಪಾರ್ಟಿ ಗೋದಾಮಿಗೆ ಹೋದ ದಿನವೇ ಗಾಡಿ ನಂಬರ್ ಕಾಣೋ ಹಂಗ ಫೋಟೋ ಹೊಡ್ಕೊಳ್ಲಿ. ಫೋನಿನಾಗ ಜಗಳ ಸಾಕು, ರಿಜಿಸ್ಟ್ರೇಷನ್ ಹಚ್ಚಿದ ಸ್ಪೀಡ್ ಪೋಸ್ಟಿನಾಗ ಲಿಖಿತ ನೋಟಿಸ್ ಕಳಿಸ್ರಿ. ಬುಕಿಂಗ್ ಆದ 180 ದಿನದೊಳಗ ಅದು ಹೋಗಿರದಿದ್ರ ಹಾಳಾದ, ಕಳೆದ ಮಾಲಿಗೆ ದಾವೆ ನಿಲ್ಲಂಗಿಲ್ಲ. "ನಾಳೆ ಬಿಡ್ತೀವಿ, ನಾಡಿದ್ದು ಬಿಡ್ತೀವಿ" ಅಂತ ಅವರು ಆ ದಿನಗಳನ್ನೇ ತಿಂತಾರ.

ನಮ್ಮದು ಇವತ್ತಿಗೆ 61 ದಿನ. ಚೀಲದ ಕೆಳಗ ಹಲಗಿ ಹಾಕಿಲ್ಲ. ನೆಲದ ತಂಪಿಗೆ ಕೆಳಗಿನ ಸಾಲಿನ ಚೀಲದ ಬೇಳೆ ಗಂಟು ಕಟ್ಟೇದ, ಹೊಲಿಗಿ ಸಂದಿನಾಗ ನುಸಿ ಕಾಣ್ಲಿಕತ್ತದ.