ಜಿಪ್ಸಿಗೆ ಎಟಿ ಟೈರೋ, ಎಂಟಿ ಟೈರೋ? ಎರಡು ಮಳೆಗಾಲ ಓಡಿಸಿ ನೋಡಿದೆ

ನನ್ನದು ಮಾರುತಿ ಜಿಪ್ಸಿ, ಅದಕ್ಕೆ ಕಂಪನಿಯಿಂದ ಬರುತ್ತಿದ್ದ ಟೈರು 205/70 ಆರ್15. ಲೀಫ್ ಸ್ಪ್ರಿಂಗ್ ಬದಲಿಸಿ ಗಾಡಿಯನ್ನು 2 ಇಂಚು ಎತ್ತರಿಸಿದ ಮೇಲೆ ನಾನು 235/75 ಆರ್15 ಹಾಕಿಸಿದೆ. ಚಕ್ರ ಸುಮಾರು 65 ಮಿ.ಮೀ. ದೊಡ್ಡದಾಯಿತು. ಅದರಲ್ಲಿ ಅರ್ಧ ಮಾತ್ರ ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರುಗಳ ಉಂಡೆ) ಕೆಳಗೆ ಜಾಗವಾಗಿ ಸಿಗುತ್ತದೆ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೇಳುತ್ತದೆ ಅಷ್ಟೆ, ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ದುಡ್ಡು ಹಾಕುವ ಮೊದಲು ಇದನ್ನು ತಿಳಿದುಕೊಳ್ಳಿ.

ಮೊದಲ ಮಳೆಗಾಲ ಎಂಟಿ (ಮಡ್ ಟೆರೇನ್, ಕೆಸರಿಗೆಂದೇ ಮಾಡಿದ್ದು), ಮರುವರ್ಷ ಎಟಿ (ಆಲ್ ಟೆರೇನ್, ಟಾರಿಗೂ ಕಚ್ಚಾ ದಾರಿಗೂ ಆಗುವಂಥದ್ದು). ಅಳತೆ ಒಂದೇ. ದಾರಿಯೂ ಒಂದೇ, ಸಕಲೇಶಪುರ ಕಡೆಯ ಕಾಫಿ ತೋಟಗಳ ನಡುವಿನದು.

ಕೆಂಪು ಜೇಡಿಮಣ್ಣಿನ ಏರಿನಲ್ಲಿ ಎಂಟಿಗೆ ಸಾಟಿಯಿಲ್ಲ. ಟೈರಿನ ಮೇಲಿನ ಬಟನ್‌ಗಳ (ಉಬ್ಬಿದ ರಬ್ಬರ್ ಗಟ್ಟಿಗಳ) ನಡುವೆ ಜಾಗ ಜಾಸ್ತಿ, ಚಕ್ರ ತಿರುಗಿದ ಹಾಗೆ ಕೆಸರು ಸಿಡಿದು ಹೋಗುತ್ತದೆ. ಎಟಿಯಲ್ಲಿ ಅದೇ ಏರು ಹತ್ತುವಾಗ ಅರ್ಧದಲ್ಲೇ ನಿಂತೆ. ಇಳಿದು ನೋಡಿದರೆ ಸಂದುಗಳೆಲ್ಲ ತುಂಬಿ ಟೈರು ಮಡಕೆಯ ಹಾಗೆ ನುಣ್ಣಗಾಗಿತ್ತು.

ಹಳ್ಳಕ್ಕೆ ಇಳಿದರೆ ಕಥೆ ಉಲ್ಟಾ. ಪಾಚಿ ಹಿಡಿದ ಬಂಡೆ ಮೇಲೆ ಎಂಟಿಯ ದಪ್ಪ ಬಟನ್‌ಗಳು ಜಾರಿದವು. ಎಟಿಯಲ್ಲಿ ಸಣ್ಣ ಸಣ್ಣ ಸೀಳುಗಳಿರುತ್ತವೆ, ಅವು ಕಲ್ಲನ್ನು ಕಚ್ಚಿ ಹಿಡಿಯುತ್ತವೆ. ಮಳೆಯಲ್ಲಿ ಟಾರು ರಸ್ತೆಯ ಮೇಲೆ ಬ್ರೇಕ್ ಹಿಡಿದಾಗಲೂ ಎಟಿಯೇ ಧೈರ್ಯ ಕೊಟ್ಟಿತು. ಎಂಟಿಯ ಗುಂಯ್ ಸದ್ದಂತೂ ಮನೆಯವರಿಗೆ ಬೇಡವೇ ಬೇಡ.

ಎಂಟಿ ಹಾಕಿದ್ದಾಗ ಒಂದು ಕಾಟ ಶುರುವಾಯಿತು. 60 ಕಿ.ಮೀ. ವೇಗದ ಹತ್ತಿರ ಹೋದರೆ ಸ್ಟೇರಿಂಗ್ ಕೈಯಲ್ಲಿ ಗಡಗಡ ನಡುಗುತ್ತಿತ್ತು. ಎತ್ತರಿಸಿದ ಜಿಪ್ಸಿ, ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಕಿಂಗ್‌ಪಿನ್ ಬೇರಿಂಗೇ ಹೋಗಿರಬೇಕು ಅಂದುಕೊಂಡೆ. ಬಿಚ್ಚಿಸಿದೆ, ಹೊಸದು ಹಾಕಿಸಿದೆ, ನಡುಕ ಹೋಗಲಿಲ್ಲ. ಭಾನುವಾರ ಚಕ್ರ ಕಳಚಿ ತೊಳೆಯುವಾಗ ಕಂಡಿತು: ರಿಮ್ ಒಳಮೈಗೆ ಕೆಸರು ಮೆತ್ತಿ, ಒಣಗಿ, ಒಂದೇ ಕಡೆ ಕಲ್ಲಾಗಿ ಕೂತಿತ್ತು. ಸ್ಕ್ರೂಡ್ರೈವರ್‌ನಿಂದ ಕೆರೆದೆ. ಬೊಗಸೆ ತುಂಬ ಹೆಂಟೆ ಬಿತ್ತು. ಮತ್ತೆ ಹೊರಟರೆ ನಡುಕವೇ ಇಲ್ಲ. ಕೆಸರಿನಿಂದ ಬಂದ ಗಾಡಿ ನಡುಗಿದರೆ ಮೊದಲು ಚಕ್ರದ ಒಳಗೆ ಕೈಹಾಕಿ ನೋಡಿ, ಬೇರಿಂಗ್ ಆಮೇಲೆ.

ಎರಡೂ ಟೈರಿನ ಗುಣ ಬದಲಿಸಿದ್ದು ಗಾಳಿ. ರಸ್ತೆಯಲ್ಲಿ ನಾನು 26 ಪಿಎಸ್‌ಐ ಇಡುತ್ತೇನೆ. ಎಟಿ ಸೋತಿದ್ದ ಏರಿಗೆ ಮಾರನೇ ವಾರ 16ಕ್ಕೆ ಇಳಿಸಿಕೊಂಡು ಹೋದೆ. ಟೈರು ಚಪ್ಪಟೆಯಾಗಿ ನೆಲಕ್ಕೆ ಉದ್ದಕ್ಕೆ ಅಂಟಿತು. ಫೋರ್ ವೀಲ್ ಲೋ (ನಾಲ್ಕೂ ಚಕ್ರ ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಗೇರು), ಸೆಕೆಂಡ್ ಗೇರ್, ಆಕ್ಸಿಲೇಟರ್ ಒಂದೇ ಸಮ. ತೆವಳಿಕೊಂಡು ಹತ್ತಿಯೇ ಬಿಟ್ಟಿತು! ಅದಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ, ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಿಕೊಂಡರೆ ಕಾಡಿನ ಮಧ್ಯೆ ಕಷ್ಟ. ಟಾರು ಮುಟ್ಟುವ ಮೊದಲು ಮತ್ತೆ ಗಾಳಿ ತುಂಬಲೇಬೇಕು, ಇಲ್ಲದಿದ್ದರೆ ಟೈರಿನ ಪಕ್ಕೆ ಕಾದು ಹಾಳಾಗುತ್ತದೆ. ಹಾಗಾಗಿ 12 ವೋಲ್ಟ್ ಕಂಪ್ರೆಸರ್ ಸದಾ ಸೀಟಿನ ಹಿಂದೆ ಇರುತ್ತದೆ.

ಮೊಣಕಾಲುದ್ದ ಕೆಸರಿನಲ್ಲಿ ದಿನಾ ಓಡಾಡುವವರು ಎಂಟಿಯನ್ನೇ ತಗೊಳ್ಳಿ. ನನ್ನ ಓಡಾಟದಲ್ಲಿ ಮುಕ್ಕಾಲು ಪಾಲು ಟಾರು. ಜಿಪ್ಸಿ ಮೇಲೆ ಈಗ ಎಟಿ ಇದೆ, ಎಂಟಿ ನಾಲ್ಕೂ ಅಟ್ಟದ ಮೇಲಿವೆ. ಜುಲೈ ಮಳೆ ಜೋರಾದರೆ ಕೆಳಗಿಳಿಸುತ್ತೇನೆ.