ವಾಚ್ ಹಿಸ್ಟರಿ ಕಲಸುಮೇಲೋಗರ ಆದಾಗ: ಪಾಸ್ ಮಾಡುವುದೋ, ಅಳಿಸುವುದೋ, ಪ್ರೊಫೈಲ್ ಬೇರೆ ಮಾಡುವುದೋ?

ನನಗೆ ಹಿಡಿಸದ ದಾರಿಯನ್ನೇ ಮೊದಲು ಹೇಳಿಬಿಡುತ್ತೇನೆ: ಯೂಟ್ಯೂಬ್ ಹಿಸ್ಟರಿಯನ್ನು (ನೋಡಿದ್ದರ ದಾಖಲೆಯನ್ನು) ಪಾಸ್ (pause) ಮಾಡಿಡುವುದು, ಅಂದರೆ ದಾಖಲಾಗದಂತೆ ಸದ್ಯಕ್ಕೆ ನಿಲ್ಲಿಸಿಡುವುದು. ಹೋಮ್ ಪೇಜ್ ತುಂಬ ಬೇಡದ್ದೇ ಬರುತ್ತಿದೆ ಅಂದರೆ ಯಾರೇ ಆಗಲಿ ಮೊದಲು ಕೊಡುವ ಸಲಹೆ ಇದು. ನಮ್ಮ ಮನೆಯಲ್ಲಿ ಟಿವಿ ಒಂದೇ, ಅಕೌಂಟ್ ನನ್ನದು. ಅಪ್ಪನ ರಾಶಿಫಲ, ಅಕ್ಕನ ಮಗನ ಜೆಸಿಬಿ ಗುಂಡಿ ತೋಡುವ ವಿಡಿಯೋ, ನನ್ನ ತಾಳಮದ್ದಳೆ ಎಲ್ಲವೂ ಒಂದೇ ಲೆಕ್ಕದಲ್ಲಿ ಬೀಳುತ್ತಿದ್ದವು. ಹಾಗಾಗಿ ನಾನೂ ಪಾಸ್ ಒತ್ತಿ ನೋಡಿದೆ.

ಪಾಸ್ ಆದಮೇಲೆ ನೋಡಿದ್ದು ಹಿಸ್ಟರಿಗೆ ಸೇರುವುದಿಲ್ಲ, ಶಿಫಾರಸಿನ ಲೆಕ್ಕಕ್ಕೂ ಬರುವುದಿಲ್ಲ. ಅಷ್ಟರ ಮಟ್ಟಿಗೆ ಸರಿಯೇ. ಆದರೆ ಅದಕ್ಕೆ ಮುಂಚೆ ಸೇರಿದ ಕಸವನ್ನು ಅದು ಗುಡಿಸುವುದಿಲ್ಲ, ಜೆಸಿಬಿ ಬರುತ್ತಲೇ ಇರುತ್ತದೆ. ಅದಕ್ಕಿಂತ ಕಿರಿಕಿರಿ ಇನ್ನೊಂದಿದೆ. ಮೂರು ಗಂಟೆಯ ತಾಳಮದ್ದಳೆಯನ್ನು ಅರ್ಧಕ್ಕೆ ಬಿಟ್ಟು ಮಲಗಿದರೆ, ಮರುದಿನ ತಂಬ್‌ನೇಲ್ ಅಡಿಯಲ್ಲಿ ಆ ಕೆಂಪು ಗೆರೆ ಇರುವುದಿಲ್ಲ. ಕೃಷ್ಣನ ಯಾವ ಮಾತಿಗೆ ನಿಲ್ಲಿಸಿದ್ದೆವು ಎಂದು ಹಿಂದೆಮುಂದೆ ಓಡಿಸಿ ಹುಡುಕಬೇಕು. ಹಿಸ್ಟರಿ ಆಫ್ ಇದ್ದು ಹಳೆಯದೂ ಹೆಚ್ಚೇನಿಲ್ಲದಿದ್ದರೆ, 2023ರ ಆಗಸ್ಟ್‌ನಿಂದೀಚೆಗೆ ಹೋಮ್ ಪೇಜೇ ಖಾಲಿ. ಕೆಲವರಿಗೆ ಅದೇ ನೆಮ್ಮದಿ. ನನಗಲ್ಲ.

ನೆಟ್‌ಫ್ಲಿಕ್ಸ್‌ನಲ್ಲಿ ಪಾಸ್ ಅನ್ನುವ ಸೌಲಭ್ಯವೇ ಇಲ್ಲದಿರುವುದರಿಂದ ಅಲ್ಲಿ ಈ ಗೊಂದಲವೂ ಇಲ್ಲ.

ಎರಡನೆಯದು, ಒಂದೊಂದಾಗಿ ಅಳಿಸುವುದು. ಇದರಲ್ಲಿ ಯೂಟ್ಯೂಬ್ ಮುಂದಿದೆ. ಮೊಬೈಲ್‌ನಲ್ಲಿ ಹಿಸ್ಟರಿ ತೆರೆದು, ವಿಡಿಯೋ ಪಕ್ಕದ ಮೂರು ಚುಕ್ಕಿ ಒತ್ತಿ ತೆಗೆದರೆ ಆಯಿತು. ಹಿಸ್ಟರಿಯೊಳಗೇ ಹುಡುಕಲೂ ಬರುತ್ತದೆ. ‘ಜೆಸಿಬಿ’ ಎಂದು ಟೈಪ್ ಮಾಡಿದೆ, ಸಾಲುಸಾಲಾಗಿ ಬಂದವು, ಕೂತು ತೆಗೆದೆ. ಮಕ್ಕಳು ರಜೆಗೆ ಬಂದು ಹೋದಮೇಲೆ ಹೀಗೆ ಕೂರುವ ತಾಳ್ಮೆ ಇಲ್ಲದಿದ್ದರೆ ಗೂಗಲ್‌ನ ‘ಮೈ ಆಕ್ಟಿವಿಟಿ’ ಪುಟಕ್ಕೆ ಹೋಗಿ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂದು ಕೊಟ್ಟರೆ ಆ ದಿನಗಳಷ್ಟೇ ಹೋಗುತ್ತವೆ. ಒಂದು ಮಾತು: ಸರ್ಚ್ ಹಿಸ್ಟರಿಯ ಪಟ್ಟಿ ಬೇರೆ. ನೋಡಿದ್ದನ್ನು ಅಳಿಸಿ ಹುಡುಕಿದ್ದನ್ನು ಬಿಟ್ಟರೆ ಕೆಲಸ ಅರ್ಧ ಮಾತ್ರ ಆದಂತೆ.

ನೆಟ್‌ಫ್ಲಿಕ್ಸ್‌ನಲ್ಲಿ ಜನ ಎಡವುವುದು ಬೇರೆ ಕಡೆ. ‘ಕಂಟಿನ್ಯೂ ವಾಚಿಂಗ್’ ಸಾಲಿನಿಂದ ಒಂದು ಸಿನಿಮಾ ತೆಗೆದಾಕ್ಷಣ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಆ ಸಾಲಿನಿಂದ ಮಾತ್ರ ಹೋಗಿರುತ್ತದೆ. ಅದನ್ನು ನೋಡಿದ್ದೀರಿ ಎನ್ನುವ ದಾಖಲೆ ಹಾಗೇ ಇರುತ್ತದೆ. ಪೂರ್ತಿ ಮರೆಯಾಗಬೇಕಾದರೆ ಬ್ರೌಸರ್‌ನಲ್ಲಿ ಅಕೌಂಟ್ ಪುಟ ತೆರೆದು, ನಿಮ್ಮ ಪ್ರೊಫೈಲ್‌ನ ‘ವ್ಯೂಯಿಂಗ್ ಆಕ್ಟಿವಿಟಿ’ಗೆ ಹೋಗಿ, ಹೆಸರಿನ ಪಕ್ಕದ ಅಡ್ಡಗೆರೆಯ ವೃತ್ತ ಒತ್ತಬೇಕು. ಒಂದು ಎಪಿಸೋಡ್ ತೆಗೆದರೆ ಇಡೀ ಸರಣಿಯನ್ನೇ ಮರೆಮಾಡಲೇ ಎಂದು ಕೇಳುತ್ತದೆ, ಹೂಂ ಅನ್ನಿ. ಎಲ್ಲ ಸಾಧನಗಳಲ್ಲೂ ಮಾಯವಾಗಲು 24 ಗಂಟೆಯವರೆಗೂ ಹಿಡಿಯಬಹುದು. ಟಿವಿಯಲ್ಲಿ ಇನ್ನೂ ಕಾಣುತ್ತಿದೆ ಎಂದು ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ಮಕ್ಕಳ ಪ್ರೊಫೈಲ್‌ನಲ್ಲಿ ಮಾತ್ರ ಹೀಗೆ ಮರೆಮಾಡಲು ಬಿಡುವುದಿಲ್ಲ.

ಮೂರನೆಯದು ಎಲ್ಲವನ್ನೂ ಒಮ್ಮೆಲೇ ಅಳಿಸಿಬಿಡುವುದು. ಇಲಿಯ ಕಾಟಕ್ಕೆ ಮನೆ ಸುಟ್ಟ ಹಾಗೆ. ವರ್ಷಗಟ್ಟಲೆ ನೋಡಿ ಯೂಟ್ಯೂಬ್‌ಗೆ ಕಲಿಸಿದ ನಮ್ಮ ರುಚಿಯೂ ಅದರ ಜೊತೆಗೇ ಹೋಗುತ್ತದೆ. ಬದಲಿಗೆ ಹಳೆಯದು ತಾನಾಗಿಯೇ ಅಳಿಯುವ ಆಟೋ ಡಿಲೀಟ್ ಇಟ್ಟುಕೊಳ್ಳಬಹುದು. 3, 18, 36 ತಿಂಗಳು ಎಂಬ ಮೂರು ಆಯ್ಕೆಗಳಿವೆ. ನಾನು 18 ಇಟ್ಟಿದ್ದೇನೆ. ಮೂರು ತಿಂಗಳದು ಇಟ್ಟರೆ, ಕಳೆದ ಮಳೆಗಾಲದಲ್ಲಿ ನೋಡಿದ ಅಡುಗೆ ವಿಡಿಯೋ ಯಾವುದು ಎಂದು ಅಮ್ಮ ಕೇಳಿದಾಗ ಉತ್ತರ ಇರುವುದಿಲ್ಲ.

ನಾಲ್ಕನೆಯದು ಪ್ರೊಫೈಲ್ ಬೇರೆ ಮಾಡುವುದು. ನನ್ನ ಮತ ಇದಕ್ಕೇ. ಇಲ್ಲಿ ನೆಟ್‌ಫ್ಲಿಕ್ಸ್ ಗೆಲ್ಲುತ್ತದೆ: ಒಂದೇ ಅಕೌಂಟ್‌ನಲ್ಲಿ ಐದು ಪ್ರೊಫೈಲ್, ಪ್ರತಿಯೊಂದಕ್ಕೂ ಅದರದೇ ಹಿಸ್ಟರಿ. ತೊಂದರೆ ಏನೆಂದರೆ, ಆಪ್ ತೆರೆದಾಗ ಯಾರು ನೋಡುತ್ತಿರುವುದು ಎಂದು ಕೇಳಿದರೆ ಅಪ್ಪ ಓದದೆ ಮೊದಲ ಚಿತ್ರದ ಮೇಲೇ ಓಕೆ ಒತ್ತುತ್ತಾರೆ. ಮೊದಲ ಚಿತ್ರ ನನ್ನದು. ಹೇಳಿ ಹೇಳಿ ಸಾಕಾಗಿ ನನ್ನ ಪ್ರೊಫೈಲ್‌ಗೆ ನಾಲ್ಕಂಕಿಯ ಪಿನ್ ಹಾಕಿದೆ. ಈಗ ಪಿನ್ ಕೇಳಿದ ಕೂಡಲೇ ಗೊಣಗಿಕೊಂಡು ಬ್ಯಾಕ್ ಒತ್ತಿ ತಮ್ಮದಕ್ಕೆ ಹೋಗುತ್ತಾರೆ. ಯೂಟ್ಯೂಬ್‌ನಲ್ಲಿ ಅಪ್ಪನ ಗೂಗಲ್ ಅಕೌಂಟನ್ನೇ ಟಿವಿಗೆ ಸೇರಿಸಿದೆ. ಬಂದುಹೋಗುವ ನೆಂಟರಿಗೆ ಗೆಸ್ಟ್ ಮೋಡ್ ಸಾಕು, ಅದರಲ್ಲಿ ನೋಡಿದ್ದು ನನ್ನ ಹಿಸ್ಟರಿಗೆ ಬರುವುದಿಲ್ಲ.

ಉಲ್ಟಾ ತೊಂದರೆಯೂ ಒಂದಿದೆ: ನೋಡಿದ್ದು ಹಿಸ್ಟರಿಯಲ್ಲಿ ಕಾಣದೇ ಇರುವುದು. ಯೂಟ್ಯೂಬ್‌ನಲ್ಲಿ ಹಾಗಾದರೆ ಮೊದಲು ಹಿಸ್ಟರಿ ಪಾಸ್ ಆಗಿದೆಯೇ, ಆಮೇಲೆ ಇನ್‌ಕಾಗ್ನಿಟೋ (ನೋಡಿದ್ದನ್ನು ದಾಖಲಿಸದ ಮೋಡ್) ಆನ್ ಇದೆಯೇ, ಕೊನೆಗೆ ಬೇರೆ ಯಾರದೋ ಅಕೌಂಟ್‌ನಲ್ಲಿ ನೋಡಿದಿರೇ ಎಂದು ನೋಡಿ. ನೆಟ್‌ಫ್ಲಿಕ್ಸ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡು ರೈಲಿನಲ್ಲಿ ನೋಡಿದ್ದಾದರೆ, ಮೊಬೈಲ್ ಮತ್ತೆ ಇಂಟರ್‌ನೆಟ್‌ಗೆ ಸೇರಿದ ಮೇಲಷ್ಟೇ ಅದು ದಾಖಲಾಗುತ್ತದೆ.

ಇನ್ನು ಮನೆಯಲ್ಲಿ ಯಾರೂ ನೋಡದ ಭಾಷೆಯ ಸಿನಿಮಾಗಳು ಹಿಸ್ಟರಿಯಲ್ಲಿ ಕಂಡರೆ ಅಳಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ನೆಟ್‌ಫ್ಲಿಕ್ಸ್ ಆದರೆ ಅಕೌಂಟ್ ಪುಟದಲ್ಲಿ ಸಾಧನಗಳ ಪಟ್ಟಿ ಇರುತ್ತದೆ, ಯೂಟ್ಯೂಬ್ ಆದರೆ ಗೂಗಲ್ ಅಕೌಂಟ್‌ನ ಸೆಕ್ಯುರಿಟಿ ಭಾಗದಲ್ಲಿ. ಗುರುತಿಲ್ಲದ್ದನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಪ್ರವಾಸದಲ್ಲಿ ಉಳಿದ ಹೋಟೆಲ್ ಟಿವಿಯಲ್ಲಿ ಲಾಗಿನ್ ಮಾಡಿ ಹಾಗೇ ಬಂದದ್ದು ನೆನಪಾದರೂ ಆಗಬಹುದು.